ಪ್ರಯತ್ನ ಸಾಲದು

ಕಳೆದ ತಿಂಗಳು ನನ್ನ ಗಂಟಲು ಕೈಕೊಟ್ಟಿತು. ಬೆಳಿಗ್ಗೆ ಎದ್ದು ಮನೆಯವರನ್ನು ಚಹಾಕ್ಕೆ ಕರೆಯಲೆಂದು ಬಾಯಿ ತೆರೆದರೆ ತುಕ್ಕು ಹಿಡಿದ ಕದ ತೆರೆದಂಥ ಸದ್ದು ಬಂತು. ಮೂರು ದಿನ ಉಪ್ಪುನೀರು ಮುಕ್ಕಳಿಸಿದೆ, ಅರಿಸಿನ ಹಾಕಿದ ಹಾಲು ಕುಡಿದೆ. ಕೊನೆಗೆ ನಾನು ಕೆಲಸ ಮಾಡುವ ಆಸ್ಪತ್ರೆಯ ಗಂಟಲಿನ ಡಾಕ್ಟರ ಮುಂದೆಯೇ ಹೋಗಿ ಕೂತೆ. ಅವರು ಹೊಸಬರು, ನನ್ನ ಗುರುತಿಲ್ಲ. ಬಾಯೊಳಗೆ ಬೆಳಕು ಬಿಟ್ಟು ನೋಡಿ, ಹಾಡುತ್ತೀರಾ ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲವೆಂದೆ. ಶಾಲೆಯಲ್ಲಿ ಪಾಠ ಹೇಳುತ್ತೀರಾ ಎಂದರು. ಅದೂ ಇಲ್ಲವೆಂದೆ. ಮತ್ತೆ ಇಷ್ಟು ವರ್ಷ ಈ ಗಂಟಲನ್ನು ಯಾವುದಕ್ಕೆ ಬಳಸಿದಿರಿ ಎಂದರು. "ಊದಿ, ಊದಿ ಅಂತ ಜನರ ಮೇಲೆ ಕೂಗಲಿಕ್ಕೆ ಸರ್, ಇದೇ ಕಟ್ಟಡದ ಎರಡನೇ ಮಹಡಿಯಲ್ಲಿ" ಎಂದೆ. ಅವರು ನಕ್ಕು, ಚೀಟಿಯ ಮೇಲೆ 'ಡಿಸ್‌ಫೋನಿಯಾ' ಎಂದು ಬರೆದುಕೊಟ್ಟರು. ದನಿ ಕೆಟ್ಟಿದೆ ಎನ್ನುವುದಕ್ಕೆ ದೊಡ್ಡವರ ಹೆಸರು ಅದು. ಹೆಸರು ಸಿಕ್ಕಿದ್ದಕ್ಕೇ ಅರ್ಧ ವಾಸಿಯಾದಂತೆ ಅನ್ನಿಸಿ, ಚೀಟಿ ಹಿಡಿದು ಮೆಟ್ಟಿಲು ಹತ್ತತೊಡಗಿದೆ. ಮಧ್ಯದಲ್ಲೊಮ್ಮೆ ದಣಿವಾರಿಸಿಕೊಳ್ಳಲು ನಿಂತಾಗ, ಹಿಂದೆ ನಾನೇ ಒಬ್ಬರಿಗೆ ಬರೆದುಕೊಟ್ಟಿದ್ದ ಕಾಗದವೊಂದು ನೆನಪಾಯಿತು. ಅದರ ಮೇಲೆಯೂ ಇದ್ದದ್ದು ಬರೀ ಎರಡು ಶಬ್ದ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಪುಪ್ಪುಸದೊಳಗೆ ಎಷ್ಟು ಗಾಳಿ ಹಿಡಿಯುತ್ತದೆ, ಅದು ಎಷ್ಟು ಬೇಗ ಹೊರಗೆ ಬರುತ್ತದೆ ಎಂದು ಅಳೆಯುವ ಯಂತ್ರವೊಂದಿದೆ. ರೋಗಿಯನ್ನು ನೆಟ್ಟಗೆ ಕೂರಿಸಿ, ಮೂಗಿಗೆ ಚಿಮಟಿ ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಡುತ್ತೇನೆ. ಎದೆ ತುಂಬ ಗಾಳಿ ಎಳೆದುಕೊಂಡು ಒಂದೇ ಸಲಕ್ಕೆ ಜೋರಾಗಿ ಊದಬೇಕು, ಊದುತ್ತಲೇ ಇರಬೇಕು, ಕನಿಷ್ಠ ಆರು ಸೆಕೆಂಡು. ಆರು ಸೆಕೆಂಡು ಏನು ಮಹಾ ಅನ್ನಿಸಬಹುದು ನಿಮಗೆ. ಓದುವುದನ್ನು ಇಲ್ಲಿಗೆ ನಿಲ್ಲಿಸಿ ಒಮ್ಮೆ ಊದಿ ನೋಡಿ. ಮೂರನೆಯ ಸೆಕೆಂಡಿಗೆ ಒಳಗೆ ಇನ್ನೇನೂ ಇಲ್ಲ ಅನ್ನಿಸುತ್ತದೆ. ಆದರೆ ಇರುತ್ತದೆ. ಅದನ್ನು ಹೊರಡಿಸಲೆಂದೇ ನಾನು ಪಕ್ಕದಲ್ಲಿ ನಿಂತು ಕೂಗುವುದು. ಹೊರಗಿನ ಬೆಂಚಿನಲ್ಲಿ ಕೂತ ಹೊಸಬರಿಗೆ ಒಳಗೆ ಹೆರಿಗೆ ನಡೆದಿದೆ ಎಂಬ ಗುಮಾನಿ ಬರುವುದುಂಟು.

ಈ ಕೆಲಸಕ್ಕೆ ನಾನು ಬಂದದ್ದು ಆಕಸ್ಮಿಕ. ವಿಜಯಪುರದಲ್ಲಿ ಬಿ.ಎಸ್‌ಸಿ. ಮುಗಿಸಿ, ಪುಣೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರನ್ನು ಮದುವೆಯಾಗಿ ಬಂದೆ. ಮನೆಯಲ್ಲಿ ಕೂತು ಬೇಸರವಾಗಿ ಆಸ್ಪತ್ರೆಯ ಒಂದು ತರಬೇತಿಗೆ ಸೇರಿಕೊಂಡೆ. ಅಲ್ಲಿ ಮೊದಲು ಕಲಿಸಿದ್ದು ಹೆಸರುಗಳನ್ನು. ಉಸಿರಿಗೆ ಗ್ರೀಕರ ಬಾಲವೊಂದಿದೆ, 'ಪ್ನಿಯಾ' ಎಂದು. ಅದಕ್ಕೆ ಒಂದೊಂದು ತಲೆ ಅಂಟಿಸಿದರೆ ಒಂದೊಂದು ಸಂಕಟ. ಡಿಸ್ಪ್ನಿಯಾ ಅಂದರೆ ಉಸಿರಾಡಲು ಕಷ್ಟ. ಟ್ಯಾಕಿಪ್ನಿಯಾ ಅಂದರೆ ಬೇಗ ಬೇಗ ಉಸಿರು. ಆರ್ಥಾಪ್ನಿಯಾ ಅಂದರೆ ಮಲಗಿದರೆ ಉಸಿರು ಸಿಗದೆ ಎದ್ದು ಕೂರುವುದು. ಎಪ್ನಿಯಾ ಅಂದರೆ ಉಸಿರೇ ನಿಂತದ್ದು. ರೊಟ್ಟಿ ತಟ್ಟುತ್ತ ಇವನ್ನೆಲ್ಲ ಬಾಯಿಪಾಠ ಮಾಡುತ್ತಿದ್ದೆ. ಅತ್ತೆ ಒಂದು ದಿನ ಭಕ್ತಿಯಿಂದಲೇ ಕೇಳಿದರು: "ಇದು ಯಾವ ದೇವರ ಸ್ತೋತ್ರವಾ? ನನಗ ಬರೂದಿಲ್ಲಲ್ಲ."

ಇಂಗ್ಲಿಷಿನ ಹೆಸರುಗಳು ಹಾಗೆ ಬಾಯಿಗೆ ಬಂದವು. ನನ್ನ ಮಾನ ಕಳೆದದ್ದು ನಮ್ಮ ಶಬ್ದಗಳೇ. ಶಾಲೆಯಲ್ಲಿ ನಾವು ಕಲಿತದ್ದು ಉಚ್ಛ್ವಾಸ ಅಂದರೆ ಉಸಿರು ಒಳಗೆ, ನಿಶ್ವಾಸ ಅಂದರೆ ಹೊರಗೆ. ಮರಾಠಿಯಲ್ಲಿ ಒಳಗೆ ಹೋಗುವುದು ಶ್ವಾಸ, ಹೊರಗೆ ಬರುವುದೇ ಉಚ್ಛ್ವಾಸ. ಇದು ತಿಳಿಯದೆ, ಕೆಲಸಕ್ಕೆ ಸೇರಿದ ಮೊದಲ ವಾರ ನಿವೃತ್ತ ಶಿಕ್ಷಕರೊಬ್ಬರಿಗೆ ಬಹಳ ಗಾಂಭೀರ್ಯದಿಂದ ದೀರ್ಘ ಉಚ್ಛ್ವಾಸ ತೆಗೆದುಕೊಳ್ಳಿ ಎಂದೆ. ಅವರು ಕೊಳವೆಯನ್ನು ಬಾಯಿಂದ ತೆಗೆದು, "ತಾಯೀ, ಉಚ್ಛ್ವಾಸ ಬಿಡೋದು, ತಗೊಳ್ಳೋದಲ್ಲ" ಎಂದು ತಿದ್ದಿ, ನಗು ಬಂದು, ನಗು ಕೆಮ್ಮಾಗಿ, ಅವತ್ತಿನ ಅವರ ಪರೀಕ್ಷೆ ಕೆಟ್ಟಿತು. ಅಂದಿನಿಂದ ನಾನು ಸಂಸ್ಕೃತದ ತಂಟೆಗೆ ಹೋಗಲಿಲ್ಲ. ಶ್ವಾಸ ಘ್ಯಾ, ಫುಂಕಾ ಫುಂಕಾ ಫುಂಕಾ, ಥಾಂಬೂ ನಕಾ. ಉಸಿರು ತಗೊಳ್ಳಿ, ಊದಿ ಊದಿ ಊದಿ, ನಿಲ್ಲಿಸಬೇಡಿ. ಇಷ್ಟೇ ನನ್ನ ಮರಾಠಿ ಮಂತ್ರ. ದಿನಕ್ಕೆ ಇಪ್ಪತ್ತು ಜನಕ್ಕೆ, ಒಬ್ಬೊಬ್ಬರಿಗೆ ಮೂರು ಸಲ, ಕೆಲವರಿಗೆ ಎಂಟು ಸಲ.

ಸೋಂಕಿನ ಕಾಲದಲ್ಲಿ ನಮ್ಮ ಕೋಣೆಗೆ ಬೀಗ ಬಿದ್ದಿತ್ತು. ಎಲ್ಲರೂ ಉಸಿರಿಗೆ ಹೆದರುತ್ತಿದ್ದ ಆ ದಿನಗಳಲ್ಲಿ ಮುಖದೆದುರು ಊದಿಸುವ ಪರೀಕ್ಷೆ ಯಾರಿಗೆ ಬೇಕು? ಮತ್ತೆ ಬಾಗಿಲು ತೆರೆದ ವರ್ಷ ಅಷ್ಟೂ ದಿನದ ಜನ ಒಟ್ಟಿಗೆ ಬಂದರು. ಅಂಥ ಒಂದು ದಿನ ಸಾಯಬಣ್ಣ ಬಂದ. ಜೊತೆಗೆ ಹೆಂಡತಿ ದೇವಮ್ಮ. ಯಾದಗಿರಿ ಕಡೆಯವರು, ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವರು. ಆತನಿಗೆ ನಲವತ್ತೂ ಆಗಿರಲಿಲ್ಲ. ಎತ್ತರದ ಆಳು, ಆದರೆ ಅಂಗಿಯನ್ನು ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿತ್ತು. ಎರಡೂ ಹುಬ್ಬಿನಲ್ಲಿ ತೊಳೆದರೂ ಹೋಗದ ಬಿಳಿ ಪುಡಿ. ಗ್ರಾನೈಟು ಕೊಯ್ಯುವವನೆಂದು ಚೀಟಿಯಲ್ಲಿ ಬರೆದಿತ್ತು.

ಅವರ ಊರು ನನಗೆ ಗೊತ್ತಾದದ್ದು ಚೀಟಿಯಿಂದಲ್ಲ. ಬಾಗಿಲಲ್ಲಿ ನಿಂತು ದೇವಮ್ಮ, "ಚಪ್ಪಲಿ ಹೊರಗ ಬಿಡಬೇಕೇನು?" ಎಂದಳು, ಆ ಒಂದು ಮಾತಿಗೇ ನನ್ನ ಕಿವಿ ನೆಟ್ಟಗಾಯಿತು. ನಾನು ಅದೇ ಭಾಷೆಯಲ್ಲಿ, ಬಿಡೂದು ಬ್ಯಾಡ, ಹಂಗ ಬರ್ರಿ ಎನ್ನಬಹುದಿತ್ತು. ಅನ್ನಲಿಲ್ಲ. ಯಾಕೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಈ ಆಸ್ಪತ್ರೆಯಲ್ಲಿ ಕನ್ನಡ ಬರುತ್ತದೆಂದು ಒಮ್ಮೆ ಬಾಯಿ ಬಿಟ್ಟರೆ ಮುಗಿಯಿತು. ಎಕ್ಸ್-ರೇ ಎಲ್ಲಿ, ಔಷಧ ಯಾವ ಕಿಟಕಿಯಲ್ಲಿ, ಈ ಗುಳಿಗೆ ಊಟಕ್ಕೆ ಮೊದಲೋ ಆಮೇಲೋ, ಎಲ್ಲಕ್ಕೂ ಕೈ ಹಿಡಿದುಕೊಳ್ಳುತ್ತಾರೆ. ತಪ್ಪೇನಿಲ್ಲ, ಪರಸ್ಥಳದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ಆ ದಿನ ಹೊರಗೆ ಹದಿನಾಲ್ಕು ಜನ ಕಾದಿದ್ದರು. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಸೊಂಟ ನೋಯುತ್ತಿತ್ತು. ಇನ್ನೊಬ್ಬರ ಭಾರ ಹೊರುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಮುಖವನ್ನು ಗೋಡೆಯಂತೆ ಮಾಡಿಕೊಂಡು, "ಬಸಾ" ಎಂದು ಮರಾಠಿಯಲ್ಲೇ ಕುರ್ಚಿ ತೋರಿಸಿದೆ.

ಸಾಯಬಣ್ಣ ಊದಿದ. ಜೋರಾಗಿಯೇ ಊದಿದ, ಆದರೆ ಎರಡನೆಯ ಸೆಕೆಂಡಿಗೆ ಗಪ್ಪನೆ ನಿಲ್ಲಿಸಿ ವಿಧೇಯನಾಗಿ ನನ್ನ ಮುಖ ನೋಡಿದ. ಥಾಂಬೂ ನಕಾ ಎಂದೆ. ಮತ್ತೆ ಊದಿದ, ಮತ್ತೆ ಅಲ್ಲಿಗೇ ನಿಲ್ಲಿಸಿದ. ನಾನು ಇನ್ನೂ ಜೋರಾಗಿ ಥಾಂಬೂ ನಕಾ ಎಂದು ಕೂಗಿದಷ್ಟೂ ಬೇಗ ನಿಲ್ಲಿಸತೊಡಗಿದ. ನಾಲ್ಕನೆಯ ಸಲ ಕೊಳವೆ ತೆಗೆದು ಹೆಂಡತಿಯತ್ತ ತಿರುಗಿ, "ಈಕಿ ಯಾಕ ಇಷ್ಟು ಚೀರ್ತಾಳ? ಮನ್ಯಾಗ ಯಾರರ ಬೈದಾರೇನು?" ಎಂದ. ದೇವಮ್ಮ, "ಸುಮ್ನಿರು. ಗಟ್ಟಿ ಊದಂತಾಳ ಕಾಣ್ತದ" ಎಂದಳು. ನನಗೆ ನಗು ಬಂತು. ನುಂಗಿಕೊಂಡೆ. ಇನ್ನೆರಡು ಸಲ ಊದಿಸಿ, ಸಾಕಾಗಿ, ಕಾಗದದ ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಪೂರ್ ಎಫರ್ಟ್. ಪ್ರಯತ್ನ ಸಾಲದು. ಮುಂದಿನವರನ್ನು ಕರೆದೆ.

ಅದೇನೂ ನಾನು ಕಟ್ಟಿದ ಬೈಗುಳವಲ್ಲ, ನಮ್ಮ ಕಸುಬಿನ ಮಾತು. ಊದಿದ್ದು ಸಾಲದಾದ್ದರಿಂದ ಈ ಅಂಕಿಗಳನ್ನು ನಂಬಬೇಡಿ ಎಂದು ಡಾಕ್ಟರಿಗೆ ಹೇಳುವ ರೀತಿ, ಅಷ್ಟೇ. ಆಸ್ಪತ್ರೆಯ ಭಾಷೆಯೇ ಹಾಗೆ. ರೋಗಿ ನೋವೆಂದರೆ 'ದೂರುತ್ತಾನೆ' ಎಂದು ಬರೆಯುತ್ತಾರೆ. ಬೀಡಿ ಸೇದುವುದಿಲ್ಲ ಎಂದರೆ 'ನಿರಾಕರಿಸುತ್ತಾನೆ' ಎಂದು ಬರೆಯುತ್ತಾರೆ, ಕಟಕಟೆಯಲ್ಲಿ ನಿಂತವನ ಹಾಗೆ. ಔಷಧ ಕೆಲಸ ಮಾಡದಿದ್ದರೂ ಸೋತದ್ದು ರೋಗಿಯೇ. ಇಷ್ಟು ವರ್ಷ ಇವನ್ನೆಲ್ಲ ಓದಿದ್ದೆ, ಬರೆದಿದ್ದೆ. ಒಮ್ಮೆಯೂ ಏನೂ ಅನ್ನಿಸಿರಲಿಲ್ಲ.

ಮೂರು ವಾರದ ಮೇಲೆ ದೇವಮ್ಮ ಒಬ್ಬಳೇ ಬಂದಳು. ಮಧ್ಯಾಹ್ನ ಊಟದ ಹೊತ್ತು, ಡಬ್ಬಿ ಬಿಚ್ಚಿದ್ದೆ. ಬಾಗಿಲಲ್ಲಿ ನಿಂತು, ಪ್ಲಾಸ್ಟಿಕ್ ಚೀಲದಿಂದ ಮಡಿಚಿದ ಕಾಗದ ತೆಗೆದು, ಹರಕುಮುರುಕು ಮರಾಠಿಯಲ್ಲಿ ಇದರಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದಳು. ನನಗೇ ತಿಳಿಯದಂತೆ ಬಾಯಿಂದ, "ಒಳಗ ಬರ್ರಿ, ಕೂಡ್ರಿ" ಎಂದು ಬಂದುಬಿಟ್ಟಿತು. ನನಗೆ ಕನ್ನಡ ಹೇಗೆ ಬಂತೆಂದು ಆಕೆ ಬೆರಗಾಗಲಿಲ್ಲ. ಕೂತಳು. ಕೂತು ಕನ್ನಡದಲ್ಲೇ ಶುರುಮಾಡಿದಳು.

"ಮುಕಾದಮ ಈ ಕಾಗದ ಯಾರ ಕೈಲೋ ಓದಿಸ್ಯಾನ್ರಿ." ಮುಕಾದಮ ಅಂದರೆ ಕೂಲಿಗಳನ್ನು ಊರಿನಿಂದ ಕರೆತಂದು, ಮೇಲೆ ನಿಂತು ದುಡಿಸುವವ. "ನಿನ್ನ ಗಂಡಗ ಏನೂ ಆಗಿಲ್ಲ, ಊದ್ಲಾಕೂ ಮೈಗಳ್ಳತನ ಮಾಡ್ಯಾನಂತ ದವಾಖಾನ್ಯಾಗ ಬರದುಕೊಟ್ಟಾರ ಅಂತಾನ. ಮತ್ತ ಕಲ್ಲು ಕೊಯ್ಯೂ ಮಿಶನ್ ಹಿಡಿ ಅಂದ. ಹಿಡದಾರ್ರಿ. ನಿನ್ನೆ ಮೂರು ಮಾಳಿಗಿ ಹತ್ತೂದ್ರಾಗ ನಾಕು ಸಲ ಕುಂತ್ರು. ಊದ್ಲಾಕ ಯಾರರ ಮೈಗಳ್ಳತನ ಮಾಡ್ತಾರೇನ್ರಿ ಅಕ್ಕಾರ? ಏನದ ಇದ್ರಾಗ, ಓದಿ ಹೇಳ್ರಿ."

ನಮ್ಮ ವಿಭಾಗದ ಡಾಕ್ಟರು ನನ್ನ ಸಾಲನ್ನು ನೋಡಿ, ಮತ್ತೆ ಬಂದು ಊದು ಎಂದು ಬರೆದು, ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದರು. ಆ 'ಮತ್ತೆ ಬಾ' ಯಾರಿಗೂ ತಿಳಿದಿರಲಿಲ್ಲ. ಓದಿ ಹೇಳದೆ ನನಗೆ ಗತಿಯಿರಲಿಲ್ಲ.

"ಪ್ರಯತ್ನ ಸಾಲದು ಅಂತ ಬರದದ" ಎಂದೆ.

"ಯಾರದು?" ಎಂದಳು ದೇವಮ್ಮ.

ಕುಚೇಷ್ಟೆಯ ಮಾತಲ್ಲ ಅದು. ಆಕೆಗೆ ನಿಜವಾಗಿಯೂ ತಿಳಿಯಬೇಕಿತ್ತು. ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಡಬ್ಬಿಗೆ ಹೋಯಿತು. "ನಾಳೆ ಅವರನ್ನ ಕರಕೊಂಡು ಬರ್ರಿ. ಕ್ಯೂನ್ಯಾಗ ನಿಂದ್ರಬ್ಯಾಡ್ರಿ, ಸೀದಾ ನನ್ನ ಕಡೆ ಬರ್ರಿ" ಎಂದೆ. ಡಾಕ್ಟರ ಬಳಿಗೆ ಹೋಗಿ, ಆ ಪರೀಕ್ಷೆ ಕೆಟ್ಟದ್ದು ನನ್ನಿಂದ, ಇನ್ನೊಮ್ಮೆ ಮಾಡುತ್ತೇನೆ ಎಂದೆ. ಅವರು ತಲೆಯೆತ್ತದೆ ಸಹಿ ಹಾಕಿದರು. ಅವರೂ ದಣಿದಿದ್ದರು.

ಮರುದಿನ ಸಾಯಬಣ್ಣನನ್ನು ಕೂರಿಸಿ, ಚಿಮಟಿ ಹಾಕುವ ಮೊದಲು ಕೇಳಿದೆ: "ಹೋದ ಸಲ ನಡುವ ಯಾಕ ನಿಂದ್ರಸ್ತಿದ್ರಿ?"

"ನೀವೇ ಥಾಂಬ ಅಂದ್ರಲ್ರಿ."

"ಥಾಂಬೂ ನಕಾ ಅಂದಿದ್ದೆ. ನಿಂದ್ರಬ್ಯಾಡ್ರಿ ಅಂತ."

"ನಕಾ ಅನ್ನೂದು ಆಮ್ಯಾಲೆ ಬರ್ತದಲ್ರಿ. ಅದು ಬರೂದ್ರಾಗ ನಾ ನಿಂತಬಿಟ್ಟಿರ್ತಿದ್ದೆ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಮುಂದುವರಿಸಿದ: "ಸೈಟಿನ್ಯಾಗ ಥಾಂಬ ಅಂತ ಕಿವಿಗೆ ಬಿತ್ತಂದ್ರ ಮಿಶನ್ ಬಂದ್ ಮಾಡಬೇಕ್ರಿ. ಪೂರ್ತಿ ಮಾತು ಕೇಳ್ಕೋತ ಕುಂತ್ರ ಕೈ ಹೋಗ್ತದ."

ನನ್ನ ಇಷ್ಟು ವರ್ಷದ ಮಂತ್ರ ಹೀಗೆ ಮುರಿದುಬಿತ್ತು. ಎಷ್ಟು ಜನ ಹೀಗೆ ನನ್ನ ಮಾತು ಪಾಲಿಸಿಯೇ ಫೇಲಾದರೋ. ಲೆಕ್ಕ ಹಾಕಲು ಹೋಗಲಿಲ್ಲ. ಹಾಕಿದ್ದರೆ ಆ ದಿನ ಕೆಲಸ ಸಾಗುತ್ತಿರಲಿಲ್ಲ.

ಇನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂದು ನೋಡಿದರೆ, ನನಗೆ ಬಾಯಿ ಕಟ್ಟಿತು. ಈ ಕೋಣೆಯಲ್ಲಿ ನಾನು ಕನ್ನಡದಲ್ಲಿ ಯಾರನ್ನೂ ಊದಿಸಿಯೇ ಇರಲಿಲ್ಲ. ದೇವಮ್ಮ ಸಹಾಯಕ್ಕೆ ಬಂದು, "ಒಲಿ ಊದಿದಂಗ ಊದು" ಎಂದಳು. ಸಾಯಬಣ್ಣ, "ಒಲಿ ನಾ ಯಾವಾಗ ಊದೀನಿ? ಅದು ನಿನ್ನ ಕೆಲಸ" ಎಂದ. ಮೂವರೂ ನಕ್ಕೆವು. ಆಮೇಲೆ ಆತನೇ ಯೋಚಿಸಿ ಹೇಳಿದ: "ಕಲ್ಲಿನ ಮ್ಯಾಲೆ ಗೆರಿ ಹಾಕಿರ್ತೀವ್ರಿ, ಕೊಯ್ಯೂಮುಂದ ಧೂಳ ಬಿದ್ದು ಗೆರಿ ಮುಚ್ತದ. ಆ ಧೂಳ ಊದ್ತೀವಲ್ರಿ, ಹಂಗ ಊದ್ಲೇನು?"

"ಹಂಗ ಊದ್ರಿ" ಎಂದೆ.

ಊದಿದ. ಒಂದು, ಎರಡು, ಮೂರು. ನಾನು ಕೂಗಲಿಲ್ಲ, ಕಿವಿಯ ಹತ್ತಿರ ಬಗ್ಗಿ, "ಊದ್ರಿ, ಇನ್ನೂ ಅದ, ಇನ್ನೂ ಅದ, ಊದ್ರಿ" ಎನ್ನುತ್ತ ಹೋದೆ. ಕತ್ತಿನ ನರ ಹಗ್ಗದಂತೆ ಎದ್ದವು, ಕಣ್ಣಲ್ಲಿ ನೀರು ಬಂತು, ಆರು ಸೆಕೆಂಡು ದಾಟಿಸಿದ. ಮೂರು ಸಲ ಹಾಗೇ. ಯಂತ್ರದ ಪರದೆಯ ಮೇಲೆ ಮೂರೂ ಸಲದ ಗೆರೆಗಳು ಒಂದರ ಮೇಲೊಂದು ಕೂತವು. ಪುಸ್ತಕದಲ್ಲಿ ಹಾಕುವಂಥ ಪರೀಕ್ಷೆ. ಪ್ರಯತ್ನದಲ್ಲಿ ಕೊರತೆಯೇನೂ ಇರಲಿಲ್ಲ. ಅಂಕಿಗಳನ್ನು ನೋಡಿದೆ. ಆ ಎತ್ತರಕ್ಕೆ, ಆ ವಯಸ್ಸಿಗೆ ಇರಬೇಕಾದ ಗಾಳಿಯಲ್ಲಿ ಅರ್ಧವೂ ಇರಲಿಲ್ಲ.

ಎಕ್ಸ್-ರೇ ಆಯಿತು, ಸ್ಕ್ಯಾನ್ ಆಯಿತು. ಡಾಕ್ಟರು ನನ್ನನ್ನೂ ಕರೆಸಿ, ನೀವೇ ಅವರ ಭಾಷೆಯಲ್ಲಿ ಹೇಳಿ ಎಂದರು. ಕಲ್ಲಿನ ಧೂಳಿನಿಂದ ಬರುವ ಕಾಯಿಲೆ, ಸಿಲಿಕೋಸಿಸ್. ಇಂಥ ಧೂಳಿನ ಕಾಯಿಲೆಗಳ ಕುಲಕ್ಕೆಲ್ಲ ನ್ಯೂಮೋಕೋನಿಯೋಸಿಸ್ ಎಂದು ಹೆಸರು. ಸಾಯಬಣ್ಣನಿಗೆ ಉಳಿದಿದ್ದ ಉಸಿರಿನಲ್ಲಿ ಒಂದೇ ಸಲಕ್ಕೆ ಹೇಳಿ ಮುಗಿಸಲಾಗದಷ್ಟು ಉದ್ದ. ಫೈಬ್ರೋಸಿಸ್ ಎಂದೂ ಅಂದರು. ಅದಕ್ಕೆ ಕನ್ನಡದಲ್ಲಿ ನಾರುಗಟ್ಟುವುದು ಎಂದೇನೋ ಓದಿದ ನೆನಪು. ಆ ಇಬ್ಬರ ಮುಖ ನೋಡುತ್ತ ಆ ಶಬ್ದ ಬಾಯಿಗೆ ಬರಲಿಲ್ಲ.

"ಎದ್ಯಾಗ ಕಲ್ಲಿನ ಧೂಳ ಕುಂತದ" ಎಂದೆ. "ಗಾಯ ಮಾಯ್ದ ಮ್ಯಾಲೆ ಚರ್ಮ ಗಟ್ಟಿ ಆಗ್ತದಲ್ಲ, ಒಳಗೂ ಹಂಗ ಆಗೇದ. ಗಟ್ಟಿ ಆದಲ್ಲಿ ಗಾಳಿ ತುಂಬೂದಿಲ್ಲ."

"ತೊಳೀಲಾಕ ಬರೂದಿಲ್ಲೇನ್ರಿ?"

"ಬರೂದಿಲ್ಲ."

"ಗುಳಿಗಿ?"

"ಕೆಮ್ಮು ಕಡಿಮಿ ಆಗ್ತದ. ಗಟ್ಟಿ ಆಗಿದ್ದು ಮೆತ್ತಗ ಆಗೂದಿಲ್ಲ. ಮಿಶನ್ ಬಿಡಬೇಕು. ಇವತ್ತ ಬಿಡಬೇಕು."

ಸಾಯಬಣ್ಣ ತನ್ನ ಅಂಗೈ ತಿರುವಿ ನೋಡಿಕೊಂಡ. ಆಮೇಲೆ, ಡಾಕ್ಟರಿಗಲ್ಲ, ನನಗೆ ಹೇಳಿದ: "ಹೋದ ಸಲ ಪ್ರಯತ್ನ ಸಾಲದು ಅಂತ ಬರದಿದ್ರಲ್ರಿ ಅಕ್ಕಾರ, ಅದೇ ಛಲೋ ಇತ್ತು ನೋಡ್ರಿ. ಕಡಿಮಿ ಬಿದ್ದದ್ದು ಪ್ರಯತ್ನ ಆಗಿದ್ರ ನಾ ಇನ್ನೊಂದೀಟು ಹೆಚ್ಚು ಮಾಡ್ತಿದ್ದೆ."

ಡಾಕ್ಟರು ಏನಂದರು ಎಂದು ನನ್ನನ್ನು ಕೇಳಿದರು. ನಾನು ಅನುವಾದ ಮಾಡಲಿಲ್ಲ.

ಮುಕಾದಮನಿಗೆ ಈ ಸಲ ಡಾಕ್ಟರೇ ಮರಾಠಿಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ಆತ ಪೂರ್ತಿ ಕೆಟ್ಟವನೇನಲ್ಲ. ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೆಯ ದಿನ ಸಾಯಬಣ್ಣನನ್ನು ವಿಮಾನ ನಗರದ ಒಂದು ಕಟ್ಟಡಕ್ಕೆ ವಾಚ್‌ಮನ್ ಮಾಡಿಸಿದ. ಆ ಕಟ್ಟಡದ ಲಾಬಿಯ ನೆಲವನ್ನು ಮೂರು ವರ್ಷದ ಹಿಂದೆ ಸಾಯಬಣ್ಣನೇ ಕೊಯ್ದು ಹಾಸಿದ್ದ. "ನನ್ನ ಕಲ್ಲು ನಾನೇ ಕಾಯ್ಕೋತ ಕುಂತೀನ್ರಿ" ಎನ್ನುತ್ತಿದ್ದ. ಮೂರು ತಿಂಗಳಿಗೊಮ್ಮೆ ಬಂದು ಊದಿ ಹೋಗುತ್ತಿದ್ದ. ಅಂಕಿ ಪ್ರತಿಸಲ ಸ್ವಲ್ಪ ಇಳಿಯುತ್ತಿತ್ತು. ಎಷ್ಟು ಬಂತು ಎಂದು ಆತ ಕೇಳುತ್ತಿರಲಿಲ್ಲ, ನಾನು ಹೇಳುತ್ತಿರಲಿಲ್ಲ.

ಬದಲಿಗೆ ಬೇರೆ ಮಾತಾಡುತ್ತಿದ್ದೆವು. ನಾನು ಡಿಸ್ಪ್ನಿಯಾ ಎಂದು ಒಂದೇ ಶಬ್ದದಲ್ಲಿ ಬರೆಯುತ್ತಿದ್ದುದನ್ನು ಆತ ನಾಲ್ಕಾರು ಮಾಡಿ ಹೇಳುತ್ತಿದ್ದ. "ತೇಕು ಬ್ಯಾರೆರಿ. ಅದು ನಡದಾಗ ಬರ್ತದ, ಕುಂತ್ರ ಹೋಗ್ತದ. ಎದಿ ಹಿಡಿಯೂದು ಅಂದ್ರ ಕುಂತ್ರೂ ಹೋಗೂದಿಲ್ಲ. ದಮ್ಮು ಅಂದ್ರ ಒಳಗ ಸಣ್ಣಗ ಸೀಟಿ ಹೊಡದಂಗ." ಇವತ್ತು ಯಾವುದು ಎಂದು ಕೇಳಿದರೆ, "ಇವತ್ತ ಬರೇ ತೇಕು, ಚಿಂತಿ ಇಲ್ಲ" ಎನ್ನುತ್ತಿದ್ದ. ನಾನು ಕಾಗದದ ಅಂಚಿನಲ್ಲಿ ಕನ್ನಡದಲ್ಲೇ 'ತೇಕು' ಎಂದು ಬರೆಯತೊಡಗಿದೆ. ಡಾಕ್ಟರು ಒಮ್ಮೆ ಇದ್ಯಾವ ಭಾಷೆ ಎಂದು ಹುಬ್ಬೇರಿಸಿದರು. ವಿವರಿಸಿದೆ. ಆಮೇಲೆ ಅವರೇ, ಆ ಕೂತರೆ ಹೋಗುವುದೋ, ಹೋಗದ್ದೋ ಎಂದು ನನ್ನನ್ನು ಕೇಳತೊಡಗಿದರು.

ನನ್ನ ಮನಸ್ಸಿನಲ್ಲಿ ಮಾತ್ರ ಒಂದು ಮುಳ್ಳು ಹಾಗೇ ಇತ್ತು. ಅವರಿಬ್ಬರೂ ನನ್ನನ್ನು ದೊಡ್ಡ ಉಪಕಾರ ಮಾಡಿದವಳಂತೆ ಕಾಣುತ್ತಿದ್ದರು. ದೇವಮ್ಮ ಬಂದಾಗಲೆಲ್ಲ ಸಜ್ಜಿರೊಟ್ಟಿ, ಶೇಂಗಾಹಿಂಡಿ ತರುತ್ತಿದ್ದಳು. ಆ ಮೊದಲ ದಿನ ಒಂದೇ ಒಂದು ಕನ್ನಡದ ಮಾತು ಆಡಿದ್ದರೆ ಮೂರು ವಾರದ ಧೂಳು ಆ ಎದೆಗೆ ಹೋಗುತ್ತಿರಲಿಲ್ಲ. ಅಷ್ಟು ವರ್ಷದ ಧೂಳಿನ ಮುಂದೆ ಮೂರು ವಾರ ಯಾವ ಲೆಕ್ಕ ಎಂದು ಡಾಕ್ಟರು ಹೇಳಬಹುದು. ನಾನೂ ನನಗೆ ಹಾಗೇ ಹೇಳಿಕೊಂಡಿದ್ದೆ. ನಾಟಿರಲಿಲ್ಲ.

ಒಂದು ಸಲ ಕ್ಯಾಂಟೀನಿನ ಹೊರಗಿನ ಕಟ್ಟೆಯ ಮೇಲೆ ಮೂವರೂ ಚಹಾ ಕುಡಿಯುತ್ತ ಕೂತಿದ್ದಾಗ ಹೇಳಿಯೇಬಿಟ್ಟೆ. "ನಿಮಗೊಂದು ಮಾತು ಹೇಳಬೇಕು. ಮೊದಲನೇ ದಿನಾನೇ ನನಗ ನಿಮ್ಮ ಮಾತು ತಿಳೀತಿತ್ತು. ನಾ ಸುಮ್ನಿದ್ದೆ."

ಸಾಯಬಣ್ಣ ಬಸಿಯ ಚಹಾ ಊದಿ ಆರಿಸುತ್ತಿದ್ದ. ತಲೆಯೆತ್ತಿ, "ಗೊತ್ತಿತ್ರಿ" ಎಂದ.

"ಹೆಂಗ?"

"ಮನ್ಯಾಗ ಯಾರರ ಬೈದಾರೇನು ಅಂದಾಗ ನಿಮ್ಮ ತುಟಿ ಹಿಂಗಾತಲ್ರಿ." ತನ್ನ ತುಟಿಯ ಕೊನೆಯನ್ನು ಬೆರಳಿಂದ ಮೇಲೆತ್ತಿ ತೋರಿಸಿದ. "ಹೊರಗ ಬಂದು ಈಕಿಗೆ ಹೇಳಿದೆ, ಅಕ್ಕಾರು ನಮ್ಮ ಕಡೇವ್ರ ಅಂತ."

"ಮತ್ತ ಯಾಕ ಕೇಳಲಿಲ್ಲ? ಕನ್ನಡದಾಗ ಹೇಳ್ರಿ ಅಂತ ಒಂದು ಮಾತು?"

ಈ ಸಲ ದೇವಮ್ಮ ಹೇಳಿದಳು. "ನಿಮ್ಮ ಮಾರಿ ನೋಡಿದ್ವಿರಿ. ಭಾಳ ದಣದಿದ್ರಿ ಅಕ್ಕಾರ. ಎಷ್ಟು ಮಂದಿಗಂತ ಚೀರಬೇಕು, ಇನ್ನ ನಾವೂ ಯಾಕ ಕಾಡೂದು ಅಂತ ಸುಮ್ನಾದ್ವಿ."

ನನ್ನ ಬಸಿಯನ್ನು ಕಟ್ಟೆಯ ಮೇಲಿಟ್ಟೆ. ಅಷ್ಟು ಜನ ನನ್ನ ಕೋಣೆಗೆ ಬಂದು ಹೋಗಿದ್ದಾರೆ. ದಣಿದಿದ್ದೀಯಾ ಎಂದು ಅವರಲ್ಲಿ ಯಾರೂ ಕೇಳಿದ್ದಿಲ್ಲ, ಕೇಳಲಿ ಎಂದು ನಾನೂ ಕಾದಿದ್ದಿಲ್ಲ. ನಿಂತು ಉಸಿರು ಬಿಡಲಾಗದವನು ನನ್ನ ದಣಿವನ್ನು ನೋಡಿ ತನ್ನ ಮಾತನ್ನು ನುಂಗಿಕೊಂಡು ಎದ್ದುಹೋಗಿದ್ದ. ಅವನ ದಣಿವಿಗೆ ನಾನು ಬರೆದುಕೊಟ್ಟದ್ದು ಏನೆಂದು ನಿಮಗೆ ಗೊತ್ತಿದೆ.

ಕಳೆದ ವರ್ಷ ಚಳಿಗಾಲದಲ್ಲಿ, ಊರಿನ ಗಾಳಿ ಬಿಸಿಯಿರುತ್ತದೆ, ಅಲ್ಲಿ ಹಗುರಾಗಬಹುದು ಎಂದು ಇಬ್ಬರೂ ಹೋದರು. ಎರಡು ತಿಂಗಳಿಗೆ ದೇವಮ್ಮ ಒಬ್ಬಳೇ ತಿರುಗಿ ಬಂದು, ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಹಣೆ ನೋಡಿದೆ, ಕೇಳುವುದೇನೂ ಉಳಿದಿರಲಿಲ್ಲ. "ಕಡೀಗೆ ಮಕ್ಕೊಳ್ಳಾಕ ಆಗ್ತಿರಲಿಲ್ರಿ. ಕುಂತಲ್ಲೇ ಇರ್ತಿದ್ರು. ನನ್ನ ಬೆನ್ನಿಗೆ ಬೆನ್ನು ಹಚ್ಚಿ ಕುಂತಿದ್ರು, ಹಂಗ ಹ್ವಾದ್ರು" ಎಂದಳು. ಆರ್ಥಾಪ್ನಿಯಾ ಎಂದು ನನ್ನ ತಲೆ ತನ್ನಷ್ಟಕ್ಕೆ ಹೇಳಿತು. ಆ ಶಬ್ದದ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಆಕೆ ಈಗ ಪುಣೆಯಂಚಿನ ವಾಘೋಲಿ ಕಡೆಯ ಒಂದು ಕಟ್ಟಡದಲ್ಲಿ ಕೆಲಸ ಮಾಡುತ್ತಾಳೆ. ಸಾಯಬಣ್ಣ ಕೊಯ್ಯುತ್ತಿದ್ದಾಗ ಪಕ್ಕದಲ್ಲೇ ಧೂಳು ಗುಡಿಸುತ್ತಿದ್ದವಳು ಆಕೆ. ನಿನ್ನದೂ ಒಮ್ಮೆ ನೋಡಿಬಿಡೋಣ ಬಾ ಎಂದು ವರ್ಷವಿಡೀ ಫೋನು ಮಾಡಿದೆ. ಇವತ್ತು ನಾಳೆ ಎನ್ನುತ್ತಿದ್ದವಳು, ನನ್ನ ಗಂಟಲು ಸ್ವಲ್ಪ ದಾರಿಗೆ ಬಂದ ಮೇಲೆ, ಹೋದ ವಾರ ಅರ್ಧ ದಿನದ ರಜೆ ಕೇಳಿಕೊಂಡು ಬಂದಳು. ಎಕ್ಸ್-ರೇ ಮಾಡಿಸಿಕೊಂಡು ಬಂದು ನನ್ನೆದುರು ಕುರ್ಚಿಯಲ್ಲಿ ಕೂತಳು. ಚಿಮಟಿ ಹಾಕಿ ಕೊಳವೆ ಕೊಟ್ಟೆ.

ಊದಿದಳು. ನಾನು ಏನೂ ಹೇಳಬೇಕಾಗಲಿಲ್ಲ. ಆರು ಸೆಕೆಂಡು ದಾಟಿತು, ಎಂಟು ದಾಟಿತು. ಗೆರೆ ಬೆಟ್ಟದಂತೆ ಎದ್ದು ನಿಧಾನವಾಗಿ ಇಳಿಯಿತು. ಅಂಕಿಗಳು ಇರಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಇದ್ದವು. ಎಕ್ಸ್-ರೇಯೂ ಚೊಕ್ಕಟ ಎಂದು ಡಾಕ್ಟರು ಕೆಳಗಿನಿಂದ ಫೋನಿನಲ್ಲಿ ಹೇಳಿದರು. ನನಗೆ ಕುಣಿಯಬೇಕೆನ್ನಿಸಿತು. "ದೇವಮ್ಮಾ, ಏನೂ ಆಗಿಲ್ಲ ನಿನಗ! ಭಾಳ ಛಲೋ ಅದ. ನಿನ್ನ ಎದ್ಯಾಗ ಬೇಕಾದಷ್ಟು ಗಾಳಿ ಅದ!"

ಆಕೆ ನಗಲಿಲ್ಲ. ಪರದೆಯ ಮೇಲಿನ ಆ ಗೆರೆಯನ್ನು ನೋಡುತ್ತ ಕೂತಳು. ಮೂಗಿನ ಚಿಮಟಿಯನ್ನು ತಾನೇ ತೆಗೆದು ಮೇಜಿನ ಮೇಲಿಟ್ಟಳು.

"ಇಷ್ಟು ಅದ ಏನ್ರಿ ನಂದು?" ಎಂದಳು. "ಅವರಿಗೆ ಒಂದೀಟು ಕೊಡ್ಲಾಕ ಬರ್ತಿರಲಿಲ್ಲೇನ್ರಿ?"

ಎದ್ದು ಹೋಗಿ ಆಕೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ಹೊರಗೆ ಜನ ಕಾದಿದ್ದರು, ಯಾರೋ ಬಾಗಿಲು ತಟ್ಟಿದರು. ತಟ್ಟಲಿ ಎಂದು ಬಿಟ್ಟೆ. ಆಮೇಲೆ ಆಕೆಯೇ ಎದ್ದು ಮುಖ ಒರೆಸಿಕೊಂಡು, ಬಸ್ಸು ತಪ್ಪುತ್ತದೆ, ಮಧ್ಯಾಹ್ನದ ಪಾಳಿ ಇದೆ ಎಂದಳು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಗುಡಿಸಬೇಕೆಂದು ಆಕೆಯಿಂದ ಮೂರು ಸಲ ಮಾತು ತೆಗೆದುಕೊಂಡು, ಮೆಟ್ಟಿಲವರೆಗೆ ಹೋಗಿ ಕಳಿಸಿಬಂದೆ.

ಮುಂದೆ ಒಬ್ಬ ಮುದುಕ ಕಾದಿದ್ದ. ಕೂರಿಸಿ, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳಿದೆ. ಈಗ ಎಲ್ಲರನ್ನೂ ಮೊದಲು ಕೇಳುವುದು ಅದನ್ನೇ. ತೆಲುಗು ಎಂದ. ನನಗೆ ತೆಲುಗು ಬರುವುದಿಲ್ಲ. ಇನ್ನೊಂದು ರಟ್ಟಿನ ಕೊಳವೆ ತೆಗೆದುಕೊಂಡು ಆತನ ಎದುರಿಗೆ ಕೂತೆ. ಎದೆ ತುಂಬ ಗಾಳಿ ಎಳೆದು ತೋರಿಸಿದೆ, ಆತನೂ ಎಳೆದುಕೊಂಡ. ನನ್ನ ಕಣ್ಣನ್ನೇ ನೋಡುತ್ತಿದ್ದ. ಇಬ್ಬರೂ ಒಟ್ಟಿಗೆ ಊದಲು ಶುರುಮಾಡಿದೆವು.